ಟ್ರಂಕು ಮುಚ್ಚಿದ ಮೇಲೆ ಚಹಾ

ಅಂಬೇವಾಡಿಯ ನಮ್ಮ ಓಣಿಯಲ್ಲಿ ರೂಪಾಲಿಯ ಕೈಯ ಗಿರ್ಮಿಟ್ ತಿನ್ನದವರು ಯಾರಿದ್ದಾರೆ? ತಿಂದು, ಹಸಿರು ರಸದ ಬಾಟಲಿ ಹೊತ್ತುಕೊಂಡು ಮನೆಗೆ ಬರದವರಾದರೂ ಯಾರಿದ್ದರು? ನನ್ನ ಶೋಕೇಸಿನಲ್ಲೇ ಮೂರು ಬಾಟಲಿ ನಿಂತಿವೆ. ಮುಚ್ಚಳ ಕೂಡ ತೆಗೆದಿಲ್ಲ. ಬೇಕಾದವರು ಬಂದು ಒಯ್ಯಲಿ, ಪುಣ್ಯ ಬರುತ್ತದೆ.

ರೂಪಾಲಿ ಸುಮ್ಮನೆ ಕೂರುವ ಹೆಂಗಸಲ್ಲ. ಗಂಡ ಸುಭಾಸ ಕಾಗದದ ಕಾರ್ಖಾನೆಗೆ ಪಾಳಿಗೆ ಹೋಗುತ್ತಾನೆ. ಇವಳು ಆರೋಗ್ಯದ ರಸ, ಪುಡಿ ಮಾರುವ ಕಂಪನಿಯೊಂದಕ್ಕೆ ಸೇರಿಕೊಂಡಳು. ಅಂಗಡಿಯಿಲ್ಲ, ಮನೆಯೇ ಅಂಗಡಿ. ಭಾನುವಾರ ಹೆಂಗಸರನ್ನು ಕರೆಯುವುದು, ತಿನ್ನಿಸುವುದು, ಆಮೇಲೆ ತವರಿನವರು ಮದುವೆಯಲ್ಲಿ ಕೊಟ್ಟ ಕಬ್ಬಿಣದ ಟ್ರಂಕು ತೆಗೆದು ಬಾಟಲಿ ತೋರಿಸುವುದು. “ಬಾಟ್ಲಿ ಮಾರೂದು ಮರ್ಯಾದಸ್ಥರ ಕೆಲಸೇನ?” ಎಂದು ಅತ್ತೆ ಮುದಕವ್ವ ಮೂಗು ಮುರಿದರೆ, “ಕದ್ದ ಮಾರಾಕತ್ತಿಲ್ರಿ ಅತ್ತಿ, ತೋರಿಸಿ ಮಾರಾಕತ್ತೇನಿ” ಎಂದವಳು ಅವಳು. ಇವತ್ತಿಗೂ ಮಾರುತ್ತಾಳೆ, ಆದರೆ ತನ್ನದೇ ಕಾಯ್ದೆಯಂತೆ. ಆ ಕಾಯ್ದೆ ಹುಟ್ಟಿದ್ದು ಹೇಗೆಂದು ಹೇಳುತ್ತೇನೆ.

ಮೊದಲು ತಿನ್ನಿಸಬೇಕು ಎಂದು ಕಲಿಸಿದ್ದು ಹುಬ್ಬಳ್ಳಿಯಿಂದ ಬರುವ ಕಂಪನಿಯ ಲೀಡರ್ ಮೇಡಂ. “ತಿಂದ ಬಾಯಿ ಒಲ್ಲೆ ಅನ್ನೂದಿಲ್ಲ” ಎಂಬುದು ಆಕೆಯ ಮಂತ್ರ. ಎಂಥ ಕಿಲಾಡಿ ನೋಡಿ! ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮನ್ನೆಲ್ಲ ಬೆಳೆಸಿದ್ದಾರಲ್ಲ, ಅದನ್ನೇ ಗಾಳ ಮಾಡಿಕೊಂಡಿದ್ದಳು. ಚಹಾದ ಕಪ್ಪು ಕೆಳಗಿಟ್ಟು ಬರಿಗೈಯಲ್ಲಿ ಎದ್ದುಹೋಗಲು ನಮಗೆ ನಾಚಿಕೆ. ಒಬ್ಬಳೂ ಬೇಡ ಅನ್ನಲಿಲ್ಲ. ರೂಪಾಲಿ ಮಾತ್ರ ಅದೆಲ್ಲ ತನ್ನ ಮಾತಿನ ಜೋರು ಅಂದುಕೊಂಡಳು.

ಅವಳ ಕಣ್ಣು ತೆರೆಸಿದ್ದು ಗುಲ್ಶನ, ಗ್ಯಾರೇಜಿನ ರಾಜೇಸಾಬನ ಹೆಂಡತಿ. ಎರಡೂ ಮನೆಗೆ ಒಂದೇ ಗೋಡೆ. ರೂಪಾಲಿಗೆ ಹೆರಿಗೆ ನೋವು ಬಂದಾಗ ರಿಕ್ಷಾದಲ್ಲಿ ಅವಳ ಕೈ ಹಿಡಿದು ಕೂತಿದ್ದವಳು ಇದೇ ಗುಲ್ಶನ. ಮುಂಜಾನೆಯ ಚಹಾ ಈ ಮನೆಯಲ್ಲಿ, ಸಂಜೆಯದು ಆ ಮನೆಯಲ್ಲಿ ಎಂಬುದು ಅವರಿಬ್ಬರ ರೂಢಿ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗುಲ್ಶನ ಬರುವುದು ನಿಂತಿತು. ಕರೆದರೆ, “ಈಗರ ಕುಡದೇನವಾ” ಅನ್ನುವಳು.

ಒಂದು ದಿನ ನಳದ ಹತ್ತಿರ, ನನ್ನೆದುರಿಗೇ, ರೂಪಾಲಿ ಅವಳ ಕೊಡ ಹಿಡಿದು ನಿಲ್ಲಿಸಿದಳು. “ನಾ ಏನ ತಪ್ಪ ಮಾಡೇನಿ? ನನ್ನ ಮನಿ ಚಹಾ ನಿನಗ ಯಾಕ ಬ್ಯಾಡಾಗೇತಿ?”

“ನಿನ್ನ ಮನ್ಯಾಗ ಚಹಾ ಕುಡದ್ರ ಬಾಟ್ಲಿ ಹಿಡ್ಕೊಂಡ ಬರಬೇಕು,” ಎಂದಳು ಗುಲ್ಶನ. “ಅದನ್ನ ನಮ್ಮ ಮನ್ಯಾಗ ಯಾರೂ ಮುಟ್ಟೂದಿಲ್ಲ. ಅಲ್ಲಾನ ಆಣಿ, ನಿನಗ ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲ. ಅದಕ್ಕ ಚಹಾನ ಬಿಟ್ಟೇನಿ.”

“ಹಂಗಾರ ಬರಬ್ಯಾಡ ಹೋಗ!” ಎಂದು ರೂಪಾಲಿ ಕೊಡ ಬಿಟ್ಟಳು. ಸಿಟ್ಟು ಮನೆಯ ಹೊಸ್ತಿಲ ತನಕ ಮಾತ್ರ ಬಂತು. ಒಳಗೆ ಹೋದವಳೇ, ಹಿಂದೆಯೇ ಬಂದ ನನ್ನ ಹೆಗಲಿಗೆ ಬಿದ್ದು ಅತ್ತಳು. “ಬಾಟ್ಲಿ ಹೋದ್ರ ಹೋಗ್ಲಿ. ಆಕಿ ಹೋಗಬಾರದವಾ.”

ಮುಂದಿನ ಭಾನುವಾರ ಮೇಡಂ ಸ್ವತಃ ಬಂದಳು. ತನ್ನ ಸ್ಯಾಂಪಲ್ ಚೀಲವನ್ನೂ ಟ್ರಂಕಿನೊಳಗೆ ಇಟ್ಟು ಕೂತಳು. ಓಣಿಯ ಹೆಂಗಸರೆಲ್ಲ ಸೇರಿದೆವು, ಗುಲ್ಶನ ಒಬ್ಬಳು ಬಿಟ್ಟು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು, ತಟ್ಟೆ ಮಾತ್ರ ಬರಲಿಲ್ಲ. ರೂಪಾಲಿ ಸೀದಾ ಬಂದು ಟ್ರಂಕು ತೆಗೆದಳು.

“ನೋಡ್ರಿ, ಬೇಕಾದವ್ರು ತಗೋರಿ, ಬ್ಯಾಡಾದವ್ರು ಬ್ಯಾಡ ಅನ್ರಿ. ಟ್ರಂಕ ಮುಚ್ಚಿದ ಮ್ಯಾಲೆ ಚಹಾ. ಚಹಾ ಕುಡದ ಮ್ಯಾಲೆ ಈ ಮನ್ಯಾಗ ಯಾರೂ ಏನೂ ಕೊಳ್ಳಂಗಿಲ್ಲ. ಇದು ನನ್ನ ಕಾಯ್ದೆ.”

ಮೇಡಂ ದಡಕ್ಕನೆ ಎದ್ದಳು. “ಏನ ಮಾಡಾಕತ್ತೀರಿ? ಮೊದಲ ತಿಂಡಿ ಕೊಡ್ರಿ! ಹಿಂಗಾದ್ರ ಹುಬ್ಬಳ್ಳಿ ಕಂಪನಿ ಸಭಾದಾಗ ಬಹುಮಾನಕ್ಕ ನಿಮ್ಮ ಹೆಸರು ಕರಿಯೂದಿಲ್ಲ, ನೋಡ್ರಿ ಮತ್ತ.”

“ಕರೀಬ್ಯಾಡ್ರಿ. ನನ್ನ ಹೆಸರು ಈ ಓಣ್ಯಾಗ ದಿನಾ ಕರೀತಾರ. ಅದು ನಿಂತ್ರ ನಾ ಸತ್ತಂಗ.”

ಮೊದಲು ಬಾಯಿ ಬಿಟ್ಟವಳು ನಾನೇ. “ನನಗ ಬ್ಯಾಡವಾ,” ಅಂದೆ. ಅಬ್ಬಾ, ಎಂಥ ಸುಖ! ಒಬ್ಬೊಬ್ಬರೇ ಬೇಡ ಅನ್ನತೊಡಗಿದರು. ಯಲ್ಲವ್ವ ಮಾತ್ರ ಒಂದು ಡಬ್ಬಿ ಪುಡಿ ತೆಗೆದುಕೊಂಡಳು, ಅವಳಿಗೆ ನಿಜವಾಗಿಯೂ ಬೇಕಿತ್ತು.

ಟ್ರಂಕಿನ ಮುಚ್ಚಳ ಧಡ್ ಎಂದು ಬಿತ್ತು. ರೂಪಾಲಿ ಗೋಡೆಯ ಹತ್ತಿರ ಹೋಗಿ, “ಗುಲ್ಶನಾ, ಟ್ರಂಕ ಮುಚ್ಚೇನಿ. ಬಾ,” ಎಂದು ಕೂಗಿದಳು. ಇನ್ನೊಮ್ಮೆ ಕೂಗುವಾಗ ಅವಳ ದನಿ ಒಡೆಯಿತು. ನಾವೆಲ್ಲ ಬಾಗಿಲು ನೋಡುತ್ತ ಕೂತೆವು.

ಗುಲ್ಶನ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಗೋಡೆಯಾಚೆ ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು. ಕುರ್ಚಿ ಯಾವುದೂ ಖಾಲಿಯಿರಲಿಲ್ಲ. ಅತ್ತಿತ್ತ ನೋಡಿ ಟ್ರಂಕಿನ ಮೇಲೆ ಧೊಪ್ಪನೆ ಕೂತಳು.

“ಅಯ್ಯ, ನನ್ನ ಸ್ಯಾಂಪಲ್ ಅದರಾಗ ಅದಾವ್ರಿ!” ಎಂದಳು ಮೇಡಂ. “ಬಸ್ಸಿಗೆ ಹೊತ್ತಾತು, ಏಳ್ರಿ.”

ಗುಲ್ಶನ ಅಲ್ಲಾಡಲಿಲ್ಲ. ರೂಪಾಲಿ ಚಹಾ ತಂದು ಅವಳ ಕೈಗೆ ಕೊಟ್ಟಳು. ಗುಲ್ಶನ ಅದನ್ನು ಬಸಿಗೆ ಸುರಿದುಕೊಂಡು, ಊದಿ ಊದಿ, ಸಾವಕಾಶ ಕುಡಿಯತೊಡಗಿದಳು.

“ಆಕಿ ಚಹಾ ಮುಗೀಲಿ, ತಡೀರಿ,” ಎಂದಳು ರೂಪಾಲಿ.

ಬಸಿ ಖಾಲಿಯಾಯಿತು. ಮೇಡಂ ಚೀಲಕ್ಕೆಂದು ಕೈ ಮುಂದೆ ಮಾಡಿದಳು. ಗುಲ್ಶನ ಅವಳತ್ತ ನೋಡದೆ ಕಪ್ಪನ್ನು ರೂಪಾಲಿಯ ಮುಂದೆ ಹಿಡಿದಳು.

“ಇನ್ನರ್ಧ ಕಪ್ಪ ಹಾಕ.”