ದಾಳಿಂಬೆ ಗಿಡದ ಮೂರು ಟೊಂಗೆ

ನಮ್ಮ ಪಡಸಾಲೆಯ ಗೋಡೆಯಲ್ಲಿ ಒಂದು ಮೊಳೆ ಖಾಲಿ ಇದೆ. ಅದರ ಸುತ್ತ ನಾನು ತೆಗೆದ ಹಕ್ಕಿಗಳ ಫೋಟೋಗಳು ಒತ್ತೊತ್ತಾಗಿ ಕೂತಿವೆ: ಬಚ್ಚಲ ನೀರಿಗೆ ಬರುವ ಮೈನಾ, ತಂತಿಯ ಮೇಲಿನ ಕಾಜಾಣ. ಬಂದವರು ಚಹಾ ಕುಡಿಯುತ್ತ ಎಲ್ಲವನ್ನೂ ಹೊಗಳಿ, ಕೊನೆಗೆ ಆ ಮೊಳೆಯ ಬಗ್ಗೆಯೇ ಕೇಳುತ್ತಾರೆ. ಅಲ್ಲಿದ್ದ ಫೋಟೋದ ಗಾಜು ಒಡೆದಿದೆ ಎನ್ನುತ್ತೇನೆ. ಗಾಜು ಒಡೆದಿಲ್ಲ.

ಕಲಬುರಗಿಯಲ್ಲಿ ಇರುವುದು ಎರಡೇ ಕಾಲ. ಒಂದು ಬೇಸಿಗೆ, ಇನ್ನೊಂದು ಬೇಸಿಗೆಯ ತಯಾರಿ. ಇಂಥ ಊರಿನಲ್ಲಿ, ಐವತ್ತು ದಾಟಿದ ಮೇಲೆ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ ಹಕ್ಕಿಯ ಹುಚ್ಚು ಹಿಡಿಯಿತು. ಕ್ಯಾಮೆರಾ ಸಾಲದೆಂದು ಮೋಮಿನಪುರದ ದರ್ಜಿಯಿಂದ ಹನ್ನೊಂದು ಕಿಸೆಯ ಹಸಿರು ಜಾಕೀಟನ್ನೂ ಹೊಲಿಸಿದೆ. ಆತ ಟೇಪು ಕೊರಳಿಗೆ ಹಾಕಿಕೊಂಡು, "ಇಷ್ಟು ಕಿಸೆ ಯಾಕ್ರೀ ಸರ್? ಹಕ್ಕಿ ಹಿಡಿದು ಇದ್ರಾಗೇ ಇಟ್ಕೊಂಡು ಬರ್ತೀರೇನು?" ಎಂದ. ಇಂದಿಗೂ ಹತ್ತು ಕಿಸೆಗಳಲ್ಲಿ ಹುರಿದ ಶೇಂಗಾ ಇರುತ್ತದೆ, ಒಂದರಲ್ಲಿ ಕನ್ನಡಕ.

ಆ ಜಾಕೀಟು ತೊಟ್ಟೇ ಹೋದ ವರ್ಷ ಕಮಲಾಪುರಕ್ಕೆ ಹೋದೆ. ಅಲ್ಲಿ ನನ್ನ ಅಕ್ಕ ನೀಲಮ್ಮನ ಮನೆ. ಹಿತ್ತಿಲಿನ ದಾಳಿಂಬೆ ಗಿಡದಲ್ಲಿ ಬುಲ್‌ಬುಲ್ ಗೂಡು ಕಟ್ಟಿ ಮೂರು ಮರಿ ಮಾಡಿತ್ತು. ಅದಕ್ಕೆ ತೊಂದರೆಯಾದೀತೆಂದು ಅಕ್ಕ ಬಟ್ಟೆ ಒಣಹಾಕುವ ಹಗ್ಗವನ್ನೇ ಬಿಚ್ಚಿ ಮಾಳಿಗೆಯ ಮೇಲೆ ಕಟ್ಟಿದ್ದಳು. ಮೊಣಕಾಲು ನೋವಿನವಳು, ಒದ್ದೆ ಬಟ್ಟೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಅಂದು ಮಹಾಗಾಂವದಲ್ಲಿ ಒಂದು ತೊಟ್ಟಿಲು ಕಾರ್ಯಕ್ರಮಕ್ಕೆ ಹೊರಟವಳು ಟೆಂಪೋ ಹತ್ತುವ ಮುಂಚೆ, "ತಮ್ಮಾ, ದೂರ ನಿಂತು ತಗಿ. ಗಿಡಕ್ಕ ಮಾತ್ರ ಕೈ ಹಚ್ಚಬ್ಯಾಡ" ಎಂದಳು.

ನಾನು ಹಚ್ಚಿದೆ. ಎಲೆಗಳ ನೆರಳು ಗೂಡಿನ ಮೇಲೆ ಬೀಳುತ್ತಿತ್ತು. ಮೂರೇ ಮೂರು ಟೊಂಗೆ, ಅಡುಗೆಮನೆಯ ಕತ್ತರಿಯಿಂದ ಕತ್ತರಿಸಿದೆ. ಬೆಳಕು ಗೂಡಿನೊಳಗೆ ಇಳಿಯಿತು. ಮರಿಗಳು ಕೆಂಪು ಬಾಯಿ ಅಗಲಿಸಿ ಕೂತವು. ಹಸಿದಿವೆ ಎಂದುಕೊಂಡು ಸಂಭ್ರಮದಿಂದ ಮಧ್ಯಾಹ್ನದವರೆಗೂ ಫೋಟೋ ತೆಗೆದೆ. ಹಕ್ಕಿಗಳಿಗೆ ಬೆವರು ಬರುವುದಿಲ್ಲ, ಬಿಸಿಲು ತಾಳದೆ ಹೀಗೆ ಬಾಯಿ ತೆರೆಯುತ್ತವೆ ಎಂದು ಪುಸ್ತಕದಲ್ಲಿ ಓದಿದ್ದು ಆಮೇಲೆ. ತಾಯಿಹಕ್ಕಿ ಹುಳ ಕಚ್ಚಿಕೊಂಡು ಗೋಡೆಯ ಮೇಲೆ ಚಡಪಡಿಸುತ್ತಿತ್ತು. ನಾನಿದ್ದೆನಲ್ಲ, ಅದು ಹತ್ತಿರ ಬರಲಿಲ್ಲ.

ಊಟ ಮಾಡಿ, ಒಂದು ನಿದ್ದೆಯನ್ನೂ ತೆಗೆದು ಹೊರಗೆ ಬಂದಾಗ ಮೂರೂ ಸತ್ತಿದ್ದವು. ಕೆಂಪು ಬಾಳೆಯ ಬುಡದಲ್ಲಿ ಹೂತೆ, ಟೊಂಗೆಗಳನ್ನು ಗೋಡೆಯಾಚೆ ಎಸೆದೆ. ಸಂಜೆ ಅಕ್ಕ ಬಂದವಳೇ, ಚಪ್ಪಲಿ ಬಿಡುವ ಮೊದಲೇ, "ಮರಿ ಎಲ್ಲಿ?" ಎಂದಳು.

"ಬೆಕ್ಕು" ಎಂದೆ.

ಬೆಕ್ಕೆಂದರೆ ಚೆನ್ನಿ. ಅಕ್ಕ ಹಾಲಿನಲ್ಲಿ ಬೆರಳು ಅದ್ದಿ ನೆಕ್ಕಿಸಿ ಬದುಕಿಸಿದ ಬೆಕ್ಕು. ಆಗ ಅದು ಅಕ್ಕನ ಕಾಲಿಗೆ ಮೈ ಉಜ್ಜುತ್ತಿತ್ತು. ಅಕ್ಕ ಕಸಬರಿಗೆ ಎತ್ತಿದಳು. ಅಂದಿನಿಂದ ಅದಕ್ಕೆ ಹಾಲು ಬಂದ್ ಆಯಿತು, ಬಾಗಿಲೂ ಬಂದ್ ಆಯಿತು. ನಾನು ನೋಡುತ್ತ ನಿಂತಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಫೋಟೋ ಮಾತ್ರ ಅದ್ಭುತವಾಗಿ ಬಂದಿತ್ತು. ಕಟ್ಟು ಹಾಕಿಸಿ ತೂಗುಹಾಕಿದೆ. ಒಂದು ದಿನ ಪಕ್ಕದ ಮನೆಯವರು, "ಬೆಳಕು ಎಷ್ಟು ಚಂದ ಬಿದ್ದದ್ರೀ!" ಎಂದರು. ಅವರು ಹೋದ ಮೇಲೆ ಇಳಿಸಿ ಕಪಾಟಿನ ಹಿಂದಿಟ್ಟೆ. ಹಿಂದಿಟ್ಟರೂ ಅದು ಅಲ್ಲೇ ಇದೆಯಲ್ಲ. ಈ ಯುಗಾದಿಗೆ ಕಮಲಾಪುರಕ್ಕೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ.

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. "ಮರಿ ಸತ್ತಿದ್ದು ತಿಳೀಲಾರದ ಆಗಿದ್ದು, ಹೋಗ್ಲಿ ಬಿಡು" ಎಂದಳು. ಆಮೇಲೆ, "ಬೆಕ್ಕಿನ ಹೆಸರು ತಗೊಂಡಿದ್ದು ತಿಳಿದೇ ಅಲ್ಲೇನು? ಅದು ಈ ಕಡಿ ಬರೂದು ಬಿಟ್ಟು ಆರು ತಿಂಗಳಾತು, ತಮ್ಮಾ" ಎಂದು ಎದ್ದಳು. ಒಳಗಿನಿಂದ ಹಳೆಯ ಬಟ್ಟಲು ತಂದು, ಹಾಲು ಹಾಕಿ, ಹಿತ್ತಿಲ ಬಾಗಿಲು ತೆರೆದಿಟ್ಟಳು. ಕತ್ತಲಾಗುವವರೆಗೆ ಇಬ್ಬರೂ ಕೂತೆವು. ಹಾಲಿಗೆ ಇರುವೆ ಬಂದವು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದು, ಯಾರಿಗೂ ಕಾಣಲಿಲ್ಲ ಅಂದುಕೊಳ್ಳುತ್ತದಂತೆ. ಮನುಷ್ಯರು ಬೆಕ್ಕಿನ ಮೇಲೆ ಹೊರಿಸಿದ ಮೊದಲ ತಪ್ಪು ಅದೇ ಇರಬೇಕು. ಫೋಟೋ ತೆಗೆಯುವಾಗ ನಾನು ಮುಚ್ಚುವುದು ಒಂದೇ ಕಣ್ಣು. ಇನ್ನೊಂದು ತೆರೆದೇ ಇತ್ತು.