ಮಗಳ ಬಾಯಿ ಬಿಡಿಸಿದ ಟೀಚರಮ್ಮ

ಎದುರುಮನೆಯ ಅಂಗನವಾಡಿ ಟೀಚರಮ್ಮನ ಬಲಗೈ ಹೆಬ್ಬೆರಳಿನ ಉಗುರು ಅವರೆಕಾಯಿ ಕಾಲ ಮುಗಿಯುವವರೆಗೂ ಕಪ್ಪಗೇ ಇರುತ್ತಿತ್ತು. ಹಲ್ಲು ಎಲೆಯಡಿಕೆಯಿಂದ ಕೆಂಪು, ಸೆರಗಿನ ತುದಿಯಲ್ಲಿ ಯಾವುದೋ ಮಗುವಿನ ಸಿಂಬಳ. ಭಾರತೀನಗರದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ನನಗೆ ಅವರೆಂದರೆ ತಾತ್ಸಾರ. ಗಂಜಿ ಬೇಯಿಸಿ ಹಾಕುವ ಹೆಂಗಸು ಎಂತಲೇ ನನ್ನ ಲೆಕ್ಕ.

ನಮ್ಮ ಮನೆಯಲ್ಲಿ ಆಗ ಮಗಳ ಮಿದುಳು ಬೆಳೆಸುವ ಮಹಾಯಜ್ಞ ನಡೆಯುತ್ತಿತ್ತು. ನನ್ನ ಗಂಡ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದವರು. ಭತ್ತದ ಸಸಿಗೆ ಯಾವ ವಾರ ಎಷ್ಟು ನೀರು ಎಂದು ನಿದ್ದೆಯಲ್ಲೂ ಹೇಳುವ ಮನುಷ್ಯ, ಮಗುವಿಗೆ ಮಾತ್ರ ಪೆಟ್ಟಿಗೆಗಟ್ಟಲೆ ಚಿತ್ರದ ಕಾರ್ಡು, ಬಣ್ಣದ ಮರದ ತುಂಡು ತರಿಸಿ ಗುಡ್ಡೆ ಹಾಕಿದರು. ಇವೆಲ್ಲಕ್ಕಿಂತ ದೊಡ್ಡ ಮೂರ್ಖತನ ಇನ್ನೊಂದಿತ್ತು. ನಮ್ಮ ಕಡೆಯ ಒರಟು ಕನ್ನಡ ಮಗುವಿನ ಕಿವಿಗೆ ಬೀಳಕೂಡದು, ಮನೆಯಲ್ಲಿ ಬರೀ ಇಂಗ್ಲಿಷು ಎಂದು ನಾವಿಬ್ಬರೂ ಕಟ್ಟಳೆ ಮಾಡಿಕೊಂಡಿದ್ದೆವು. ನಮ್ಮ ಇಂಗ್ಲಿಷೋ, ನನ್ನದು ಪಾಠದ ಟಿಪ್ಪಣಿಗೆ ಸಾಕಾಗುವಷ್ಟು, ಅವರದು ಗೊಬ್ಬರದ ಚೀಲದ ಮೇಲೆ ಅಚ್ಚಾಗಿರುವಷ್ಟು. ‘ಕಮ್, ಸಿಟ್, ಈಟ್’ ಮುಗಿದ ಮೇಲೆ ಮಗುವಿಗೆ ಹೇಳಲು ನಮ್ಮ ಹತ್ತಿರ ಏನೂ ಉಳಿಯುತ್ತಿರಲಿಲ್ಲ.

ಅತ್ತೆ ಮಳವಳ್ಳಿ ಕಡೆಯವರು. ಮೊಮ್ಮಗಳ ಮುಂದೆ ಬಾಯಿ ಬಿಡಬೇಡಿ ಎಂದು ಅವರಿಗೆ ಅಪ್ಪಣೆ ಮಾಡಿದವಳು ನಾನೇ. ಅವರು ಎದುರಾಡಲಿಲ್ಲ. ಕೈಸನ್ನೆ ಮಾಡಿ ತುತ್ತು ತಿನ್ನಿಸುತ್ತ, ಕೈಸನ್ನೆ ಮಾಡಿ ಮಲಗಿಸುತ್ತ ಎರಡು ವರ್ಷ ಕಳೆದರು.

ಮಗಳಿಗೆ ಎರಡೂವರೆ ತುಂಬಿತು. ಒಂದು ಮಾತಿಲ್ಲ. ಕರೆದರೆ ತಿರುಗುತ್ತಿದ್ದಳು, ಅಷ್ಟೆ. ಮಂಡ್ಯದ ಡಾಕ್ಟರು ಕಿವಿ ಪರೀಕ್ಷೆ ಮಾಡಿಸಿ, ಏನೂ ದೋಷವಿಲ್ಲ, ಮನೆಯಲ್ಲಿ ಮಗುವಿನ ಜೊತೆ ಮಾತಾಡುತ್ತೀರಾ ಎಂದು ಕೇಳಿದರು. ಬೇಕಾದಷ್ಟು ಎಂದು ಸುಳ್ಳು ಹೇಳಿ ಬಂದೆ. ಮಗಳು ಮೂಕಿಯಾಗಿಯೇ ಉಳಿದುಬಿಟ್ಟರೆ ಎಂಬ ಹೆದರಿಕೆಯಲ್ಲಿ ಜಗಲಿಯ ಮೇಲೆ ಕೂತು ಅಳುತ್ತಿದ್ದಾಗ ಟೀಚರಮ್ಮ ರಸ್ತೆ ದಾಟಿ ಬಂದರು. ಸಮಾಧಾನ ಗಿಮಾಧಾನ ಏನೂ ಇಲ್ಲ.

“ಮಗೀಗ್ ಏನಾಗದೆ ಕಣಮ್ಮ? ನೆಟ್ಟಗೇ ಅದೆ. ನಿಮ್ಮನೇಲಿ ಕೇಳಕ್ಕೆ ಮಾತೇ ಇಲ್ವಲ್ಲ, ಅದೇನ್ ಕಲ್ತಾದು? ನಾಳಿಂದ ನನ್ ಜಗ್ಲಿಗ್ ಬುಡು.”

ಬೇರೆ ದಾರಿಯಿಲ್ಲದೆ ಬಿಟ್ಟೆ. ಅಂಗನವಾಡಿ ಮುಗಿಸಿ ಬಂದು ಟೀಚರಮ್ಮ ನೆನೆದ ಅವರೆಕಾಳು ಹಿತುಕಲು ಕೂರುತ್ತಿದ್ದರು, ಪಕ್ಕದಲ್ಲಿ ಮಗಳು. ಏನು ಮಹಾ ಪಾಠ ಮಾಡುತ್ತಾರೋ ಎಂದು ನಾನು ಕಿಟಕಿಯಿಂದ ನೋಡುತ್ತಿದ್ದೆ. ಪಾಠವೂ ಇಲ್ಲ, ಪದ್ಯವೂ ಇಲ್ಲ. ಈ ಕಾಳು ಬಲಿತಿದೆ, ಇದು ಎಳಸು, ಅಗೋ ಕಬ್ಬಿನ ಗಾಡಿ ಫ್ಯಾಕ್ಟರಿಗೆ ಹೊರಟಿತು ಎಂದು ಕೈ ಮಾಡುತ್ತಿದ್ದುದನ್ನೂ ಕಣ್ಣಿಗೆ ಬಿದ್ದುದನ್ನೂ ದೊಡ್ಡವರಿಗೆ ಹೇಳುವಂತೆಯೇ ಹೇಳುವುದು. ನಡುವೆ ಒಂದು ಪ್ರಶ್ನೆ ಕೇಳಿ ಕೈ ನಿಲ್ಲಿಸಿ ಮಗುವಿನ ಮುಖವನ್ನೇ ನೋಡುತ್ತ ಕೂರುವುದು. ಮಗು ಹುಬ್ಬು ಹಾರಿಸಿದರೆ ಅದೇ ಉತ್ತರ, ಅದಕ್ಕೂ ಒಂದು ಮರುಮಾತು. ಇಷ್ಟಕ್ಕೆ ನಾವು ಪೆಟ್ಟಿಗೆ ತರಿಸಿದ್ದೆವು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಜಾತಿ ನಮ್ಮದು.

ಒಂದು ದಿನ ನಾನೂ ಹೋಗಿ ಕೂತು, ಇದೇನು ಪುಟ್ಟಿ, ಕಾಳು ಅಲ್ಲವಾ ಎಂದೆ. ಟೀಚರಮ್ಮ ನನ್ನನ್ನು ತಿಂದುಹಾಕುವಂತೆ ನೋಡಿದರು.

“ಕೇಳ್ಬುಟ್ಟು ಕಾಯ್ಬೇಕು ಕಣಮ್ಮ. ನೀನೇ ಕೇಳ್ತೀಯ, ನೀನೇ ಯೋಳ್ಬುಡ್ತೀಯ. ಮಗ ಯಾವಾಗ್ ಬಾಯ್ ಬುಡದು?”

ಹದಿನೈದು ಇಪ್ಪತ್ತು ದಿನ ಕಳೆದಿರಬೇಕು. ಹಿತುಕಿದ ಬೇಳೆಯೊಂದು ಚಿಮ್ಮಿ ಟೀಚರಮ್ಮನ ಮೂಗಿಗೆ ಬಡಿದು ಚರಂಡಿಗೆ ಬಿತ್ತು. “ಎಲ್ಲೋಯ್ತವ್ವ?” ಎಂದು ಕೇಳಿ ಅವರು ಸುಮ್ಮನಾದರು. ಮಗಳು ಚರಂಡಿ ನೋಡಿದಳು, ಅವರ ಮೂಗು ನೋಡಿದಳು. ಆಮೇಲೆ ಸ್ಪಷ್ಟವಾಗಿ “ಅಲ್ಲೋಯ್ತು” ಎಂದಳು.

ಸಂಜೆ ಈ ಸುದ್ದಿ ಕೇಳಿದ ನನ್ನ ಗಂಡ ಮಗುವನ್ನು ಮುದ್ದಾಡಿ, ಮರುಗಳಿಗೆಯೇ ‘ಹೋಯ್ತು’ ಅನ್ನಬೇಕು ಎಂದು ತಿದ್ದಲು ಹೊರಟರು. ಅತ್ತೆ ಅಡುಗೆಮನೆಯಿಂದ ಬಂದು ಮಗುವನ್ನು ಅವರ ಕೈಯಿಂದ ಕಿತ್ತುಕೊಂಡು, ಎರಡು ವರ್ಷದ ಮಾತನ್ನೆಲ್ಲ ಆ ಒಂದು ಸಂಜೆಯಲ್ಲಿ ಆಡಿದರು. ತಡೆಯುವ ಮುಖ ನಮಗಿರಲಿಲ್ಲ.

ಮಗಳು ಈಗ ಮೂರನೆಯ ಕ್ಲಾಸು, ಬಾಯಿ ಮುಚ್ಚುವುದಿಲ್ಲ. ಹೋದ ವರ್ಷ ಮಂಡ್ಯದಲ್ಲಿ ಮಕ್ಕಳ ಮಿದುಳು, ಪೋಷಕರ ಪಾತ್ರ ಎಂದು ಒಂದು ಸಭೆ ಮಾಡಿ ನನ್ನನ್ನು ಭಾಷಣಕ್ಕೆ ಕರೆದರು. ಅವರೆಕಾಳಿನ ಕಥೆ ಹೇಳಿದೆ. ಹಿತುಕಿದವಳು ನಾನೇ, ಕಾದವಳೂ ನಾನೇ ಎಂಬಂತೆ ಹೇಳಿದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ಕುರ್ಚಿ ತುಂಬಿಸಲು ಅಂಗನವಾಡಿಯವರನ್ನೂ ಕರೆಸಿದ್ದರು ಎಂದು ಗೊತ್ತಾದದ್ದು, ಟೀಚರಮ್ಮ ಹಿಂದಿನ ಸಾಲಿನಿಂದ ಎದ್ದು ಬಂದಾಗ. ಶಾಲು ತೆಗೆದು ಅವರಿಗೆ ಹೊದಿಸಲು ಹೋದೆ. ನನ್ನ ಕೈ ಹಿಡಿದು ತಡೆದರು.

“ನನ್ ಮಾತ್ ಬುಡು ಕಣಮ್ಮ. ನಿಮ್ಮತ್ತೆ ಎರಡು ವರ್ಸ ಬಾಯ್ ಕಟ್ಕಂಡ್ ಕೂತಿದ್ಲಲ್ಲ, ಅದ್ಯಾಕ್ ಯೋಳ್ನಿಲ್ಲ?”

ನಾನು ಶಾಲು ಮಡಚತೊಡಗಿದೆ. ಅವರು ಕೇಳಿ ಕಾದರು. ಹೊರಗೆ ರಸ್ತೆಗೆ ಮದ್ದೂರಿನ ಬಸ್ಸು ಬಂತು, ಹತ್ತಿ ಹೊರಟುಹೋದರು. ಎರಡು ತಿಂಗಳಿಗೆ ಎದೆನೋವು ಬಂದು ತೀರಿಕೊಂಡರು.

ಈಗಲೂ ನನ್ನನ್ನು ಭಾಷಣಕ್ಕೆ ಕರೆಯುತ್ತಾರೆ, ನಾನು ಹೋಗುತ್ತೇನೆ. ಮನೆಗೆ ಬಂದರೆ ಅತ್ತೆ ತಟ್ಟೆ ಇಟ್ಟು ಊಟ ಬಡಿಸುತ್ತಾರೆ. ತಪ್ಪಾಯಿತು ಎಂಬ ಒಂದು ಮಾತನ್ನು ಅವರೆದುರು ನಾನಿನ್ನೂ ಆಡಿಲ್ಲ.