ಘಟ್ಟದ ತಿರುವಿನಲ್ಲಿ ನನ್ನ ವಾಕ್ಯ

ಯಲ್ಲಾಪುರದ ಘಟ್ಟದಲ್ಲಿ ಕೆಂಪು ಅಕ್ಷರ ಓಡುವ ವಿದ್ಯುತ್ ಫಲಕ ಹಾಕಿದಾಗ ಅದರ ವಾಕ್ಯ ಬರೆದುಕೊಟ್ಟವನು ನಾನು. ಕನ್ನಡ ಎಂ.ಎ. ಆದವನೆಂದು ರಸ್ತೆ ಇಲಾಖೆಯವರು ಕೇಳಿದ್ದರು, ಅದೇ ಕಾರಣಕ್ಕೆ ಉದ್ದವಾಗಿ ಬರೆದೆ: 'ಮಾನ್ಯ ವಾಹನ ಚಾಲಕರೇ, ಮುಂದಿರುವ ಅಪಾಯಕಾರಿ ತಿರುವುಗಳನ್ನು ಗಮನದಲ್ಲಿರಿಸಿಕೊಂಡು ನಿಧಾನವಾಗಿ ಚಲಿಸಬೇಕಾಗಿ ವಿನಂತಿ.'

ಕೆಲವು ದಿನಗಳ ನಂತರ ಅಂಕೋಲೆಯ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದೆ. ಹುಬ್ಬಳ್ಳಿ ಕಡೆಯ ಡ್ರೈವರ್ ಫಲಕವನ್ನೇ ನೋಡುತ್ತ ನಿಧಾನ ಮಾಡಿದ. ವಾಕ್ಯ ಮುಗಿಯುವ ಲಕ್ಷಣ ಕಾಣದೆ ತಿರುವಿನಲ್ಲೇ ಬಸ್ಸು ನಿಲ್ಲಿಸಿಬಿಟ್ಟ. ಹಿಂದಿದ್ದ ಅದಿರಿನ ಲಾರಿ ಬ್ರೇಕ್ ಹಾಕಿ, ನಮಗೆ ಇನ್ನೇನು ಗುದ್ದಿತು ಅನ್ನುವಾಗ ನಿಂತಿತು.

"ರಸ್ತೆ ನಿಮ್ಮಪ್ಪಂದೇನಲೇ?" ಎಂದು ಲಾರಿಯವನು ಕೂಗಿದ.

"ಓದಾಕತ್ತೇನಿ, ತಡಿಯೋ," ಎಂದ ನಮ್ಮ ಡ್ರೈವರ್ ನನ್ನ ಕಡೆ ತಿರುಗಿದ. "ಸರ, ಕಲ್ತವ್ರಂಗ ಕಾಣ್ತೀರಿ. ಪೂರ್ತಿ ಓದಿ ಹೇಳ್ರಿ. ಯಾವನೋ ಪುರಾಣ ಬರ್ದಾನ."

ನನಗೆ ಬಾಯಿಪಾಠವಿತ್ತು. ಥಟ್ಟನೆ ಹೇಳಿದರೆ ಸಿಕ್ಕಿಬೀಳುತ್ತೇನೆಂದು, ಅಕ್ಷರ ಬಂದ ಹಾಗೆ ತಡವರಿಸುತ್ತ ಒಂದೊಂದೇ ಪದ ಓದಿದೆ. ಹಿಂದಿನ ಹಾರ್ನ್ ನಿಲ್ಲಲೇ ಇಲ್ಲ.

ಬೆನ್ನ ಹಿಂದೆ ಕೂತಿದ್ದ ಅಜ್ಜಿ ಪಕ್ಕದವಳಿಗೆ ಹೇಳಿದರು: "ಪಾಪ, ಓದಲೆ ಬತ್ತಿಲ್ಲೆ ಕಾಣ್ತು."

ನಾನು ಅಲ್ಲಗಳೆಯಲಿಲ್ಲ. ಬರೆಯಲೂ ಬರುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.